ಹಳೇ ಎಕ್ಸೆಲ್ ಶೀಟಿನ ಸ್ಲೋಪ್ ನಂಬಿ ಪ್ರೋಟೀನ್ ಅಳೆಯಬೇಡಿ

ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ, ಅದರಲ್ಲೂ ಬ್ರಾಡ್‌ಫೋರ್ಡ್ (ಡೈ ಹಾಕಿ, ಬಣ್ಣ ನೋಡಿ ಪ್ರೋಟೀನ್ ಅಳೆಯುವ ವಿಧಾನ) ಮಾಡುವವರಿಗೆ ಈ ಮಾತು. ಯಾರಾದರೂ ನಿಮ್ಮ ಕೈಗೆ ಒಂದು ಎಕ್ಸೆಲ್ ಶೀಟ್ ಕೊಟ್ಟು "ಸ್ಟ್ಯಾಂಡರ್ಡ್ ಏನೂ ಹಾಕೋದು ಬೇಡ, ಸ್ಲೋಪ್ ಇದರಲ್ಲೇ ಇದೆ, ಅಬ್ಸಾರ್ಬೆನ್ಸ್ ತುಂಬಿದ್ರೆ ಉತ್ತರ ಬರುತ್ತೆ" ಅಂದರೆ, ಆ ಶೀಟನ್ನು ಹಾಗೇ ವಾಪಸ್ ಕೊಟ್ಟುಬಿಡಿ. ಸ್ಟ್ಯಾಂಡರ್ಡ್ ಅಂದರೆ ಎಷ್ಟು ಪ್ರೋಟೀನ್ ಇದೆ ಅಂತ ಮೊದಲೇ ಗೊತ್ತಿರುವ ದ್ರಾವಣ, ಅಬ್ಸಾರ್ಬೆನ್ಸ್ ಅಂದರೆ ದ್ರಾವಣ ಎಷ್ಟು ಬೆಳಕು ಹೀರಿತು ಅನ್ನುವ ಅಳತೆ, ಸ್ಲೋಪ್ ಅಂದರೆ ಪ್ರೋಟೀನ್ ಏರಿದಂತೆ ಆ ಅಳತೆ ಎಷ್ಟು ಏರುತ್ತದೆ ಅನ್ನುವುದು.

ನಮಗೂ ಹಾಗೇ ಕೊಟ್ಟಿದ್ದರು. ಹಿಂದೆ ಇದ್ದವರು ಯಾರೋ ಮಾಡಿಟ್ಟು ಹೋದದ್ದು. ಹಳದಿ ಬಣ್ಣದ ಒಂದು ಸೆಲ್, ಅದರಲ್ಲಿ 0.0010 ಅನ್ನುವ ಸಂಖ್ಯೆ, ಅಷ್ಟೇ. ಯಾವ ದಿನದ್ದು, ಯಾವ ಮೆಷೀನಿನದ್ದು, ಯಾವ ಸ್ಟ್ಯಾಂಡರ್ಡ್ ಹಾಕಿ ತೆಗೆದದ್ದು, ಒಂದೂ ಬರೆದಿರಲಿಲ್ಲ. ಆ ಸೆಲ್‌ಗೆ ಪಾಸ್‌ವರ್ಡ್ ಬೇರೆ! ನಾವೇ ಒಮ್ಮೆ ಬಿಎಸ್‌ಎ (ಹಸುವಿನ ರಕ್ತದ ಆಲ್ಬ್ಯುಮಿನ್ ಪ್ರೋಟೀನ್) ಸ್ಟ್ಯಾಂಡರ್ಡ್ ಹಾಕಿ ನೋಡುತ್ತೇವೆ ಅಂದರೆ "ಸುಮ್ನೆ ರೀಏಜೆಂಟ್ ದಂಡ" ಅನ್ನುವ ಉತ್ತರ ಬಂತು.

ನಾವು ಮಾಡುತ್ತಿದ್ದದ್ದು ಎಂಜೈಮ್ ಪ್ಯೂರಿಫಿಕೇಶನ್. ಅಲ್ಲಿ ಎಲ್ಲ ನಿಂತಿರುವುದು ಸ್ಪೆಸಿಫಿಕ್ ಆಕ್ಟಿವಿಟಿ ಮೇಲೆ, ಅಂದರೆ ಒಂದು ಮಿಲಿಗ್ರಾಂ ಪ್ರೋಟೀನಿಗೆ ಎಷ್ಟು ಯೂನಿಟ್ ಕೆಲಸ. ಪ್ರೋಟೀನ್ ಬೇರ್ಪಡಿಸುವ ಹೊಸ ಕಾಲಮ್ ಹಾಕಿದ ಮೇಲೆ ಅದು ಜಿಗಿಯಿತು. ಹಳೇ ಬ್ಯಾಚ್‌ಗಳು 17-18 ಇದ್ದವು, ಹೊಸವು 25ರ ಹತ್ತಿರ. ಕಾಲಮ್ ಸೂಪರ್ ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅದೇ ಸ್ಯಾಂಪಲನ್ನು ಬೇರೆ ಕಡೆ ಬಿಸಿಎ ಅನ್ನುವ, ಪ್ರೋಟೀನ್ ಅಳೆಯುವ ಇನ್ನೊಂದು ವಿಧಾನದಲ್ಲಿ ಅಳೆದಾಗ ಲೆಕ್ಕ ತಾಳೆಯಾಗಲಿಲ್ಲ. ಆಗ ಶುರುವಾಯಿತು ನೋಡಿ: ಎಂಜೈಮ್ ದಾರಿಯಲ್ಲಿ ಹಾಳಾಗಿರಬೇಕು, ಫ್ರೀಜರ್ ಸರಿಯಿಲ್ಲ, ಡೈಲ್ಯೂಶನ್ ಮಾಡಿದವರ ಕೈ ಸರಿಯಿಲ್ಲ. ಹಳದಿ ಸೆಲ್ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

ಕೊನೆಗೆ ಸ್ಯಾಂಪಲ್ ಇದ್ದ ಪ್ಲೇಟಿನಲ್ಲೇ ಬಿಎಸ್‌ಎ ಹಾಕಿ ಓದಿಸಿದಾಗ ಬಂದ ಸ್ಲೋಪ್ 0.0007. ಕಾರಣ ಬಹಳ ಸರಳ. ಶೀಟ್ ಮಾಡಿದ ಕಾಲದಲ್ಲಿ ಕುವೆಟ್‌ನಲ್ಲಿ (ಪಾರದರ್ಶಕವಾದ ಪುಟ್ಟ ಪಾತ್ರೆ) ಓದುತ್ತಿದ್ದರು, ಅಲ್ಲಿ ಬೆಳಕು ಹಾದುಹೋಗುವ ದೂರ 1 ಸೆಂ.ಮೀ. ಆಮೇಲೆ ಲ್ಯಾಬಿಗೆ ಪ್ಲೇಟ್ ರೀಡರ್ ಬಂತು. 96 ವೆಲ್ ಪ್ಲೇಟಿನಲ್ಲಿ ಬೆಳಕು ಮೇಲಿಂದ ಕೆಳಗೆ ಹೋಗುತ್ತದೆ, ದೂರ ಅನ್ನುವುದು ವೆಲ್‌ನಲ್ಲಿ ದ್ರವ ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದರ ಮೇಲೆ. 250 ಮೈಕ್ರೋಲೀಟರ್ ಹಾಕಿದರೆ ಹೆಚ್ಚುಕಡಿಮೆ 0.7 ಸೆಂ.ಮೀ. ಬಿಯರ್-ಲ್ಯಾಂಬರ್ಟ್ ಸೂತ್ರ ಎಲ್ಲರೂ ಓದಿರುತ್ತೀರಿ, ಅಲ್ವಾ? ದೂರ ಕಡಿಮೆಯಾದರೆ ಅಬ್ಸಾರ್ಬೆನ್ಸ್ ಕಡಿಮೆ, ಸ್ಲೋಪೂ ಕಡಿಮೆ.

ಲೆಕ್ಕ ಹಾಕಿ ನೋಡಿ. ಸ್ಯಾಂಪಲನ್ನು 10 ಪಟ್ಟು ತೆಳು ಮಾಡಿ, ಬ್ಲ್ಯಾಂಕ್ (ಪ್ರೋಟೀನ್ ಇಲ್ಲದ್ದರ ಓದು) ಕಳೆದ ಮೇಲೆ 0.40 ಬಂತು ಅಂದುಕೊಳ್ಳಿ. ಶೀಟ್ ಪ್ರಕಾರ 0.40ನ್ನು 0.0010ರಿಂದ ಭಾಗಿಸಿದರೆ 400 ಮೈಕ್ರೋಗ್ರಾಂ, ಹತ್ತರಿಂದ ಗುಣಿಸಿದರೆ ಮಿಲಿಲೀಟರಿಗೆ 4 ಮಿಲಿಗ್ರಾಂ. ನಿಜವಾದ ಸ್ಲೋಪ್ ಹಾಕಿದರೆ 5.7 ಮಿಲಿಗ್ರಾಂ. ಆ ಒಂದು ಮಿಲಿಲೀಟರಿನಲ್ಲಿ 100 ಯೂನಿಟ್ ಆಕ್ಟಿವಿಟಿ ಇದ್ದರೆ ಶೀಟ್ ಹೇಳುವುದು 25, ನಿಜ 17.5. ನಮ್ಮ ಸೂಪರ್ ಕಾಲಮ್ ಕಥೆ ಇಷ್ಟೇ.

ಇದು ಇಷ್ಟು ದಿನ ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ಸ್ಲೋಪ್ ತಪ್ಪಿದಾಗ ಎಲ್ಲ ಸ್ಯಾಂಪಲ್‌ಗಳೂ ಒಂದೇ ಅಳತೆಯಲ್ಲಿ ತಪ್ಪುತ್ತವೆ. 20 ಮೈಕ್ರೋಗ್ರಾಂ ಅಂತ ಜೆಲ್‌ಗೆ ಹಾಕಿದ್ದು ನಿಜಕ್ಕೂ 28-29 ಇದ್ದರೂ, ಎಲ್ಲ ಲೇನಿಗೂ ಅಷ್ಟೇ ಹೋಗಿರುತ್ತದೆ. ಬ್ಲಾಟ್‌ನಲ್ಲಿ (ಜೆಲ್‌ನ ಪ್ರೋಟೀನನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಆಕ್ಟಿನ್ ಬ್ಯಾಂಡ್‌ಗಳು, ಅಂದರೆ ಎಲ್ಲ ಲೇನಿನಲ್ಲೂ ಸಮ ಇರಬೇಕಾದ ಪ್ರೋಟೀನಿನ ಗೆರೆಗಳು, ಸಾಲಾಗಿ ಒಂದೇ ಥರ ಕಾಣುತ್ತವೆ, ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಬೇರೆ ದಿನದ್ದು, ಬೇರೆ ಮೆಷೀನಿನದ್ದು, ಬೇರೆ ಲ್ಯಾಬಿನದ್ದು ಪಕ್ಕದಲ್ಲಿಟ್ಟಾಗ ಮಾತ್ರ ಬಣ್ಣ ಬಯಲಾಗುವುದು. ಪಿಪೆಟ್ ತಪ್ಪಾದರೆ ಮೂರು ರೆಪ್ಲಿಕೇಟ್ ಮೂರು ದಿಕ್ಕಿಗೆ ಹೋಗಿ ತಾನೇ ಹೇಳುತ್ತದೆ. ಸ್ಲೋಪ್ ಹಾಗೆ ಕೂಗುವುದಿಲ್ಲ.

ಇನ್ನೊಂದು ಬಲೆ, ಆರ್ ಸ್ಕ್ವೇರ್, ಅಂದರೆ ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಅನ್ನುವ ಸಂಖ್ಯೆ, 1 ಇದ್ದರೆ ಪೂರ್ತಿ. "ಕರ್ವ್ ಹಾಕಿದೀವಿ, 0.96 ಇದೆ, ಸಾಕು" ಅನ್ನುವವರು ಬೇಕಾದಷ್ಟು ಜನ. ಬ್ರಾಡ್‌ಫೋರ್ಡ್ ಕರ್ವ್ ಹುಟ್ಟಿನಿಂದಲೇ ಬಾಗಿದ್ದು. ಕೂಮಾಸಿ ಡೈ ಪ್ರೋಟೀನಿಗೆ ಅಂಟಿದಾಗ ಕಂದಿನಿಂದ ನೀಲಿಗೆ ತಿರುಗುತ್ತದೆ, 595 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ. ಪ್ರೋಟೀನ್ ಜಾಸ್ತಿಯಾದಂತೆ ಅಂಟದೆ ಉಳಿದ ಡೈ ಖಾಲಿಯಾಗುತ್ತಾ ಬರುತ್ತದೆ, ಏರಿಕೆ ನಿಧಾನವಾಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ, ನೀವೇ ಎಕ್ಸೆಲ್‌ಗೆ ಹಾಕಿ ನೋಡಿ. ಬಿಎಸ್‌ಎ 0, 250, 500, 750, 1000, 1500, 2000 ಮೈಕ್ರೋಗ್ರಾಂ. ಅಬ್ಸಾರ್ಬೆನ್ಸ್ 0, 0.19, 0.36, 0.51, 0.64, 0.83, 0.96. ನೇರ ಗೆರೆ ಎಳೆದರೆ ಆರ್ ಸ್ಕ್ವೇರ್ 0.96 ಬರುತ್ತದೆ. ಈಗ ಆ ಗೆರೆಯ ಸೂತ್ರಕ್ಕೆ ಬ್ಲ್ಯಾಂಕ್‌ನ ಸೊನ್ನೆಯನ್ನೇ ಹಾಕಿ. ಉತ್ತರ ಮೈನಸ್ 187 ಮೈಕ್ರೋಗ್ರಾಂ! ಪ್ರೋಟೀನೇ ಇಲ್ಲದ ಬಫರ್‌ನಲ್ಲಿ ಮೈನಸ್ ಪ್ರೋಟೀನ್. 250ರ ಸ್ಟ್ಯಾಂಡರ್ಡ್ ಅದೇ ಗೆರೆಯಲ್ಲಿ 211 ಆಗುತ್ತದೆ, 1000 ಇದ್ದದ್ದು 1153 ಆಗುತ್ತದೆ. ಇಲ್ಲಿ ತಪ್ಪು ಎಲ್ಲರಿಗೂ ಒಂದೇ ಥರ ಅಲ್ಲ, ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ, ನಡುವೆ ಇದ್ದವರಿಗೆ ಜಾಸ್ತಿ, ತುದಿಯ 2000ಕ್ಕೆ ಮತ್ತೆ ಕಡಿಮೆ. ಆಕ್ಟಿನ್ ಬ್ಯಾಂಡ್ ಏರುಪೇರಾದರೆ ಆಂಟಿಬಾಡಿಯನ್ನು ಬೈಯುವ ಮೊದಲು ಇದನ್ನು ನೋಡಿ.

ಸ್ಟ್ಯಾಂಡರ್ಡ್‌ಗಳ ಲೆಕ್ಕವನ್ನೇ ಹೀಗೆ ತಿರುಗಿಸಿ ಹಾಕುವುದು ನನಗಂತೂ ಆರ್ ಸ್ಕ್ವೇರ್‌ಗಿಂತ ಎಷ್ಟೋ ನಂಬಿಕೆಯ ಪರೀಕ್ಷೆ. ಹಾಕಿದ 500 ವಾಪಸ್ 500ರ ಆಸುಪಾಸು ಬರದಿದ್ದರೆ ಆ ಗೆರೆ ಬೇಡ. ಮೇಲಿನ ಬಿಂದುಗಳನ್ನು ಬಿಟ್ಟು ನೇರವಾಗಿರುವ ಭಾಗವನ್ನಷ್ಟೇ ತೆಗೆದುಕೊಳ್ಳಿ, ಇಲ್ಲವೇ ಬಾಗಿದ ಕರ್ವನ್ನೇ ಫಿಟ್ ಮಾಡಿ. 450 ನ್ಯಾನೋಮೀಟರ್‌ನಲ್ಲೂ ಓದಿ 595ರದ್ದನ್ನು ಅದರಿಂದ ಭಾಗಿಸಿದರೆ ಬಾಗು ಬಹುತೇಕ ಹೋಗುತ್ತದೆ, ಪ್ಲೇಟ್ ರೀಡರ್ ಇದ್ದವರಿಗೆ ಏನೂ ಕಷ್ಟವಿಲ್ಲ. ಸ್ಯಾಂಪಲ್ ಕರ್ವ್‌ನ ಆಚೆ ಹೋದರೆ ಗೆರೆಯನ್ನು ಎಳೆದು ಉದ್ದ ಮಾಡಬೇಡಿ, ಸ್ಯಾಂಪಲನ್ನು ತೆಳು ಮಾಡಿ ಮತ್ತೆ ಓದಿ.

ಯೂನಿಟ್ ವಿಷಯದಲ್ಲೂ ಹುಷಾರು. ಒಬ್ಬರ ಕರ್ವ್ ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಅಂತ ಇರುತ್ತದೆ, ಇನ್ನೊಬ್ಬರದ್ದು ಒಂದು ವೆಲ್‌ಗೆ ಇಷ್ಟು ಮೈಕ್ರೋಗ್ರಾಂ ಅಂತ. ವೆಲ್‌ಗೆ 5 ಮೈಕ್ರೋಲೀಟರ್ ಸ್ಯಾಂಪಲ್ ಹಾಕುವವರಿಗೆ 0.0007 ಅನ್ನುವ ಸ್ಲೋಪೇ ಎರಡನೇ ಲೆಕ್ಕದಲ್ಲಿ 0.14. ಕೆಲವು ಶೀಟ್‌ಗಳು ಡೈಲ್ಯೂಶನ್ ಫ್ಯಾಕ್ಟರನ್ನು ಒಳಗೇ ಗುಣಿಸಿಬಿಟ್ಟಿರುತ್ತವೆ, ನೀವು ಹೊರಗೆ ಇನ್ನೊಮ್ಮೆ ಗುಣಿಸಿದರೆ ಮುಗಿಯಿತು. ಸೆಲ್ ಒತ್ತಿ ಸೂತ್ರ ಓದಿ. ಪಾಸ್‌ವರ್ಡ್ ಹಾಕಿದ್ದರೆ ಆ ಶೀಟೇ ಬೇಡ.

ಬಫರ್ ಕೂಡ ಸ್ಲೋಪ್ ಕೆಡಿಸುತ್ತದೆ. ಎಸ್‌ಡಿಎಸ್, ಟ್ರೈಟಾನ್ ಥರದ ಡಿಟರ್ಜೆಂಟ್ ಇದ್ದರೆ ಬ್ರಾಡ್‌ಫೋರ್ಡ್ ಎಡವಟ್ಟು ಮಾಡುತ್ತದೆ, ಡಿಟಿಟಿ ಅನ್ನುವ ರಾಸಾಯನಿಕ ಇದ್ದರೆ ಬಿಸಿಎ. ಸ್ಟ್ಯಾಂಡರ್ಡನ್ನು ನೀರಿನಲ್ಲಿ ಮಾಡಿ ಸ್ಯಾಂಪಲನ್ನು ಜೀವಕೋಶ ಒಡೆಯುವ ಲೈಸಿಸ್ ಬಫರ್‌ನಲ್ಲಿ ಅಳೆದರೆ ಅದು ಬೇರೆಯವರ ಸ್ಲೋಪ್ ಇದ್ದ ಹಾಗೇ. ಬಿಎಸ್‌ಎ ಬೇರೆ ಈ ಡೈಗೆ ಅತಿಯಾಗಿ ಬಣ್ಣ ಕೊಡುವ ಪ್ರೋಟೀನ್. ಅದೇ ತೂಕದ ಗಾಮಾ ಗ್ಲಾಬ್ಯುಲಿನ್ (ಆಂಟಿಬಾಡಿಗಳ ಗುಂಪು) ಸುಮಾರು ಅರ್ಧದಷ್ಟೇ ಬಣ್ಣ ಕೊಡುತ್ತದೆ. ಆಂಟಿಬಾಡಿ ಅಳೆಯುವವರು ಬಿಎಸ್‌ಎ ಸ್ಲೋಪ್ ಹಾಕಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಯೋಚಿಸಿ.

ಈಗ ನಮ್ಮಲ್ಲಿ ಪ್ರತಿ ಪ್ಲೇಟಿನ ಮೊದಲ ಎರಡು ಕಾಲಮ್ ಸ್ಟ್ಯಾಂಡರ್ಡ್‌ಗೆ ಮೀಸಲು. ರೀಏಜೆಂಟ್ ಖರ್ಚು ಜಾಸ್ತಿಯಾಯಿತು ಅಂತ ಗೊಣಗುವವರು ಇನ್ನೂ ಇದ್ದಾರೆ. ಹಳೇ ಶೀಟ್‌ನಿಂದ ಬಂದ 25ರ ಬ್ಯಾಚ್‌ಗಳಲ್ಲಿ ಸ್ಯಾಂಪಲ್ ಉಳಿದಿರುವುದನ್ನು ಮತ್ತೆ ಅಳೆಯುತ್ತಿದ್ದೇವೆ. ಉಳಿಯದೇ ಇರುವುದನ್ನು ಟೇಬಲ್‌ನಿಂದ ತೆಗೆದುಹಾಕಿದೆವು.