ಮಾನಿಟರಿನ ಕೆಳಗಿನ ಪಟ್ಟಿಯೋ, ಮೂಗಿನ ಮೇಲಿನ ಚೌಕಟ್ಟೋ: ಐ ಟ್ರ್ಯಾಕರ್ ಹೋಲಿಕೆ

ಐ ಟ್ರ್ಯಾಕರ್ ಅಂದರೆ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಅಳೆಯುವ ಯಂತ್ರ. ಪ್ರಯೋಗವೆಲ್ಲ ಒಂದೇ ಮಾನಿಟರ್ ಮುಂದೆ ನಡೆಯುವುದಾದರೆ, ಅದರ ಕೆಳಅಂಚಿಗೆ ಕೂರಿಸುವ ಪಟ್ಟಿಯಂಥ ಟ್ರ್ಯಾಕರೇ ಸರಿ. ಕನ್ನಡಕದಂತೆ ತಲೆಗೆ ಹಾಕಿಕೊಳ್ಳುವ ಚೌಕಟ್ಟನ್ನು 'ಮುಂದೆ ಎಲ್ಲದಕ್ಕೂ ಆಗುತ್ತೆ' ಅಂತ ಕೊಂಡವರು ಡೇಟಾ ರಿಪೇರಿಯಲ್ಲೇ ದಿನ ಕಳೆಯುತ್ತಾರೆ.

ತಕರಾರು ಒಂದೇ: ಚೌಕಟ್ಟು ಜಾರುತ್ತದೆ. ಪಾಪೆ ಇರುವುದು ಕಣ್ಣು ತಿರುಗುವ ಕೇಂದ್ರದಿಂದ ಸುಮಾರು 10 ಮಿ.ಮೀ. ಮುಂದೆ. ಪಾಪೆಯ ಸ್ಥಾನವನ್ನಷ್ಟೇ ನಂಬುವ 2ಡಿ ಲೆಕ್ಕದಲ್ಲಿ ಚೌಕಟ್ಟಿನಲ್ಲಿ ಕಣ್ಣಿನತ್ತ ತಿರುಗಿಸಿಟ್ಟ ಕ್ಯಾಮೆರಾ 1 ಮಿ.ಮೀ. ಸರಿದರೆ, ಕಣ್ಣೇ ಐದೂವರೆ ಡಿಗ್ರಿಗೂ ಹೆಚ್ಚು ತಿರುಗಿತೆಂದು ಸಾಫ್ಟ್‌ವೇರ್ ತಿಳಿಯುತ್ತದೆ. 60 ಸೆಂ.ಮೀ. ದೂರದ ಪರದೆಯ ಮೇಲೆ ಅದು ಹತ್ತಿರಹತ್ತಿರ 6 ಸೆಂ.ಮೀ. ತಪ್ಪು.

ಒಂದು ಮಿ.ಮೀ. ಜಾರಲು ನಗು ಸಾಕು. ಕೆನ್ನೆ ಉಬ್ಬಿ ಚೌಕಟ್ಟನ್ನು ಮೇಲಕ್ಕೆ ತಳ್ಳುತ್ತದೆ, ಕ್ಯಾಮೆರಾಗೆ ಪಾಪೆ ಕೆಳಗಿಳಿದಂತೆ ಕಾಣುತ್ತದೆ. 'ಉಳಿಸು' ಗುಂಡಿ ನೋಡುತ್ತಿದ್ದವರು ಅದರ ಕೆಳಗಿನ 'ಅಳಿಸು' ನೋಡಿದರೆಂದು ದಾಖಲಾಗುತ್ತದೆ. ಯೋಚನೆಯನ್ನು ಬಾಯಿಬಿಟ್ಟು ಹೇಳಿಸುವ ಅಧ್ಯಯನಗಳಲ್ಲಂತೂ ಕೆನ್ನೆಗೆ ಬಿಡುವೇ ಇಲ್ಲ. ಚೌಕಟ್ಟನ್ನು ತಲೆಯ ಹಿಂದೆ ಬೆಲ್ಟ್ ಹಾಕಿ ಬಿಗಿದರೆ ಸ್ವಲ್ಪ ವಾಸಿ, ಇಪ್ಪತ್ತು ನಿಮಿಷದಲ್ಲಿ ಮೂಗು ನೋಯುತ್ತದೆ. ಕಣ್ಣುಗುಡ್ಡೆಯ 3ಡಿ ಮಾದರಿ ಜಾರುವಿಕೆಯನ್ನು ಸಹಿಸಿಕೊಳ್ಳುತ್ತದೆ, ಆದರೆ ನಿಖರತೆ ಕಳೆದುಕೊಳ್ಳುತ್ತೀರಿ. ಇಷ್ಟಾದ ಮೇಲೂ ನೋಟವನ್ನು ಪರದೆಯ ಪಿಕ್ಸೆಲ್‌ಗೆ ಇಳಿಸಲು ಮಾನಿಟರಿನ ನಾಲ್ಕು ಮೂಲೆಗೂ ಗುರುತು ಮುದ್ರಿಸಿದ ಕಾಗದದ ತುಂಡು ಅಂಟಿಸಬೇಕು, ಅವು ಚೌಕಟ್ಟಿನ ಎದುರು ನೋಡುವ ಕ್ಯಾಮೆರಾಗೆ ಕಾಣುತ್ತಲೇ ಇರಬೇಕು.

ಪಟ್ಟಿಯ ಟ್ರ್ಯಾಕರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲಿನ ಹೊಳಪಿನ ಚುಕ್ಕಿಗೂ ಪಾಪೆಗೂ ಇರುವ ಅಂತರ ಅಳೆಯುತ್ತದೆ. ತಲೆ ತುಸು ಅಲುಗಿದರೆ ಎರಡೂ ಒಟ್ಟಿಗೇ ಸರಿಯುವುದರಿಂದ ಲೆಕ್ಕ ಅಷ್ಟು ಕೆಡುವುದಿಲ್ಲ. ಪರದೆಯ ಪಿಕ್ಸೆಲ್ ನೇರವಾಗಿ ಸಿಗುತ್ತದೆ.

ಹಾಗಂತ ಇದೇನು ಸಾಧು ಪ್ರಾಣಿಯಲ್ಲ. ಕಪ್ಪು ಪುಟದಿಂದ ಬಿಳಿ ಪುಟಕ್ಕೆ ಹಾರಿದರೆ ಪಾಪೆ ಕುಗ್ಗಿ, ಅದರ ನಡುಬಿಂದುವೇ ಸರಿದು, ನೋಟದ ಚುಕ್ಕಿ ಪಕ್ಕಕ್ಕೆ ವಾಲುತ್ತದೆ. ಹಾಗಾಗಿ ಕ್ಯಾಲಿಬ್ರೇಶನ್‌ಗೂ (ಗೊತ್ತಿರುವ ಬಿಂದುಗಳನ್ನು ನೋಡಿಸಿ ಯಂತ್ರವನ್ನು ಹೊಂದಿಸುವುದು) ಪ್ರಯೋಗಕ್ಕೂ ಒಂದೇ ಬೂದು ಹಿನ್ನೆಲೆ ಇಡಿ. ಕನ್ನಡಕದ ಗಾಜು ಹೊಳೆದು ಕಾರ್ನಿಯಾದ ಚುಕ್ಕಿಯನ್ನು ನುಂಗಿದರೆ ಪಟ್ಟಿಯ ಕೋನ ತುಸು ಬದಲಿಸಿ. ಕಿಟಕಿಗೆ ಪರದೆ ಎಳೆಯಿರಿ. ಬಿಸಿಲಲ್ಲೂ ಇನ್‌ಫ್ರಾರೆಡ್ ಇದೆ. 9 ಬಿಂದುಗಳಲ್ಲಿ ಕ್ಯಾಲಿಬ್ರೇಶನ್ ಮಾಡಿ ಬೇರೆಯೇ 4 ಬಿಂದುಗಳಲ್ಲಿ ಪರೀಕ್ಷಿಸಿ. ಅದೇ ಬಿಂದುಗಳಲ್ಲಿ ಪರೀಕ್ಷಿಸಿದರೆ ತನಗೆ ತಾನೇ ಅಂಕ ಕೊಟ್ಟುಕೊಂಡಂತೆ. ತಪ್ಪು 1 ಡಿಗ್ರಿ, ಅಂದರೆ 60 ಸೆಂ.ಮೀ.ಗೆ ಸುಮಾರು 1 ಸೆಂ.ಮೀ., ದಾಟಿದರೆ ಮತ್ತೆ ಮೊದಲಿಂದ.

ವೆಬ್‌ಕ್ಯಾಮ್? ಬ್ರೌಸರಿನಲ್ಲೇ ಓಡುವ ವೆಬ್‌ಗೇಜರ್‌ನಂಥವು ಪುಕ್ಕಟೆ, ಆದರೆ ಸುಮಾರು 4 ಡಿಗ್ರಿ ತಪ್ಪು ಮಾಮೂಲು. ಎಡವೋ ಬಲವೋ ತಿಳಿಯಲು ಸಾಕು, ಗುಂಡಿಗಳಿಗಲ್ಲ.

ವೇಗದ ಆಸೆಗೆ ಬೀಳಬೇಡಿ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಅಳೆದರೆ, 30 ಮಿಲಿಸೆಕೆಂಡಿನ ಸ್ಯಾಕೇಡ್‌ಗೆ (ಕಣ್ಣಿನ ಒಂದು ಜಿಗಿತಕ್ಕೆ) ಸಿಗುವುದು ಎರಡೇ ಸ್ಯಾಂಪಲ್, ನಿಜ. ಆದರೆ 500 ಮಿಲಿಸೆಕೆಂಡ್ ದಿಟ್ಟಿಸಿದರೆ ಒತ್ತಿಕೊಳ್ಳುವ ಗುಂಡಿಗೆ 30 ಸ್ಯಾಂಪಲ್ ಬರುತ್ತವೆ, ಧಾರಾಳವಾಯಿತು. ಸ್ಯಾಕೇಡ್‌ನ ವೇಗವನ್ನೇ ಅಳೆಯುವವರಿಗೆ 500–1000 ಹರ್ಟ್ಸ್ ಯಂತ್ರ, ಗದ್ದಕ್ಕೆ ಆಸರೆ ಎರಡೂ ಬೇಕು.

ನನ್ನ ಕೆಲಸ ಮೆನು, ಗುಂಡಿ, ದಿಟ್ಟಿಸುವ ಅವಧಿ ಇಷ್ಟರೊಳಗೇ ಮುಗಿಯುವುದರಿಂದ 120 ಹರ್ಟ್ಸ್ ಪಟ್ಟಿಗೇ ಹಣ ಹಾಕುತ್ತೇನೆ. ಉಳಿದದ್ದು ಚಕ್ರವಿಲ್ಲದ, ಎತ್ತರ ಹೊಂದಿಸಬಹುದಾದ ಕುರ್ಚಿಗೆ. ಕೈಯಲ್ಲಿ ಹಿಡಿದ ಫೋನನ್ನೋ, ನಡೆಯುವವರ ನೋಟವನ್ನೋ ಅಳೆಯುವ ಕೆಲಸ ಬಂದರೆ ತಲೆಯ ಚೌಕಟ್ಟನ್ನು ಪಕ್ಕದ ಲ್ಯಾಬಿನಿಂದ ನಾಲ್ಕು ವಾರ ಕಡ ತಂದರಾಯಿತು.