ಲಿನಕ್ಸ್‌ನಲ್ಲಿ ವಿಡಿಯೊ: ಹಳೆ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಬ್ರೌಸರ್ ಓಡಿಸಿ ನೋಡಿದ್ದು

ಕೊಪ್ಪಳದ ಭಾಗ್ಯನಗರದಲ್ಲಿ ನಮ್ಮ ಮನೆ. ಮನೆಯಲ್ಲಿರುವುದು ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಲ್ಯಾಪ್‌ಟಾಪ್. ರ‍್ಯಾಮ್ 8 ಜಿಬಿಗೆ ಏರಿಸಿ, ಎಸ್‌ಎಸ್‌ಡಿ ಹಾಕಿಸಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚು ಕಡಿಮೆ 8ನೇ ಅಥವಾ ಅದರ ಮೇಲಿನ ತಲೆಮಾರಿನ ಚಿಪ್ಪೇ ಬೇಕು. ನಮ್ಮದಕ್ಕೆ ಅದು ಆಗದ ಮಾತು. ಚೆನ್ನಾಗಿ ನಡೆಯುವ ಯಂತ್ರವನ್ನು ಮೂಲೆಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22 ಹಾಕಿದೆ.

ಬರೆಯುವ ಕೆಲಸ, ಬ್ಯಾಂಕಿನ ಕೆಲಸ, ಪ್ರಿಂಟರ್ ಎಲ್ಲ ಎರಡೇ ದಿನದಲ್ಲಿ ಹೊಂದಿಕೊಂಡವು. ತೊಡಕು ಬಂದಿದ್ದು ವಿಡಿಯೊದಲ್ಲಿ. ಮಂಡಿನೋವಿನಿಂದ ಅವ್ವ ಈಗ ಗವಿಮಠದ ಜಾತ್ರೆಗೆ ಹೋಗುವುದಿಲ್ಲ, ಮನೆಯಲ್ಲೇ ಲೈವ್ ನೋಡುತ್ತಾಳೆ. ಜನವರಿಯಲ್ಲಿ ತೇರು ಎಳೆಯುವ ಹೊತ್ತು. ಅವ್ವ ಕೈಯಲ್ಲಿ ಉತ್ತತ್ತಿ ಹಿಡಿದು ಕೂತಿದ್ದಳು. ಅಷ್ಟರಲ್ಲಿ ಚಿತ್ರ ಜಿಗಿಜಿಗಿದು ಬರಲು ಶುರುವಾಯಿತು, ಫ್ಯಾನ್ ಜೋರಾಗಿ ತಿರುಗಿತು. "ಏ ತಮ್ಮಾ, ತೇರು ಹೊಂಟೈತಿ, ಇದ್ಯಾಕ ನಿಂತು ನಿಂತು ಬರಾಕತ್ತೈತಿ?" ಎಂದಳು. ಕೊನೆಗೆ ಫೋನಿನಲ್ಲಿ ತೋರಿಸಿದೆ. ಅವಳಿಗೆ ಅಷ್ಟು ಚಿಕ್ಕ ಪರದೆ ಕಾಣುವುದಿಲ್ಲ. ಅವತ್ತು ನನಗೆ ತುಂಬಾ ಬೇಜಾರಾಯಿತು. ಅಲ್ಲಿಂದ ಎರಡು ತಿಂಗಳು ಫೈರ್‌ಫಾಕ್ಸ್, ಕ್ರೋಮ್, ಕ್ರೋಮಿಯಂ, ಬ್ರೇವ್ ನಾಲ್ಕನ್ನೂ ಒಂದಾದ ಮೇಲೊಂದು ಹಾಕಿ, ಮನೆಯವರೆಲ್ಲ ನೋಡುವ ವಿಡಿಯೊಗಳನ್ನೇ ಓಡಿಸಿ ನೋಡಿದೆ.

ಮೊದಲು ತಿಳಿದ ವಿಷಯ ಇದು: ಎಲ್ಲ ವಿಡಿಯೊ ಒಂದೇ ಜಾತಿಯದಲ್ಲ. ಯೂಟ್ಯೂಬ್ ಲೈವ್, ಎನ್‌ಪಿಟೆಲ್ ಪಾಠ, ಸುದ್ದಿ ಚಾನೆಲ್ ಇವೆಲ್ಲ ಬೀಗವಿಲ್ಲದ ವಿಡಿಯೊಗಳು. ಅವ್ವನ ಧಾರಾವಾಹಿ, ಅಪ್ಪನ ಕ್ರಿಕೆಟ್, ದುಡ್ಡು ಕೊಟ್ಟು ನೋಡುವ ಸಿನಿಮಾ ಇವು ಡಿಆರ್‌ಎಂ ಎಂಬ ಬೀಗ ಹಾಕಿದವು. ಆ ಬೀಗ ತೆಗೆಯುವ ಕೀಲಿಕೈ ಬ್ರೌಸರ್ ಒಳಗೇ ಇರಬೇಕು. ಲಿನಕ್ಸ್ ಬ್ರೌಸರುಗಳಲ್ಲಿ ಆ ಕೆಲಸ ಮಾಡುವುದು ಗೂಗಲ್‌ನ ವೈಡ್‌ವೈನ್ ಎಂಬ ತುಣುಕು. ಯಾವ ಬ್ರೌಸರ್ ಒಳ್ಳೆಯದು ಎಂದು ಕೇಳುವ ಮೊದಲು ಯಾವ ವಿಡಿಯೊ ನೋಡುತ್ತೀರಿ ಎಂದು ಕೇಳಬೇಕು. ನಾನು ಇದನ್ನು ತಿಳಿಯದೆ ಸುಮ್ನೆ ಒಂದು ವಾರ ಬ್ರೌಸರ್ ಬದಲಿಸುತ್ತಾ ಕಳೆದೆ.

ಮಿಂಟ್‌ನ ಜೊತೆಗೇ ಬರುವುದು ಫೈರ್‌ಫಾಕ್ಸ್. ಬೀಗದ ವಿಡಿಯೊ ಇರುವ ಪುಟ ತೆರೆದರೆ ಮೇಲೊಂದು ಪಟ್ಟಿ ಬಂದು, ಡಿಆರ್‌ಎಂ ಆನ್ ಮಾಡಲೇ ಎಂದು ಕೇಳುತ್ತದೆ. ಒಪ್ಪಿದರೆ ವೈಡ್‌ವೈನನ್ನು ತಾನೇ ಇಳಿಸಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲೂ ಅದಕ್ಕೊಂದು ಟಿಕ್ ಇದೆ. ಲಿನಕ್ಸ್ ಫೈರ್‌ಫಾಕ್ಸ್‌ಗೆ ಈ ಸೌಲಭ್ಯ ಬಂದಿದ್ದು 2016ರಲ್ಲಿ, 49ನೇ ಆವೃತ್ತಿಯಿಂದ. ನಾನು ಬಳ್ಳಾರಿಯಲ್ಲಿ ಓದುವಾಗ, 2013ರ ಸುಮಾರಿಗೆ, ಇಂಥ ವಿಡಿಯೊ ಲಿನಕ್ಸ್‌ನಲ್ಲಿ ಓಡಿಸಲು ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಪ್ಲಗಿನ್ನನ್ನು, ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ನಡೆಸುವ ಪೈಪ್‌ಲೈಟ್ ಎಂಬ ಸಾಧನ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಹೋಲಿಸಿದರೆ ಈಗ ಒಂದು ಕ್ಲಿಕ್ ಸಾಕು.

ಆದರೂ ನನಗೆ ಮೊದಲ ದಿನ ಬರೀ ಕಪ್ಪು ಚೌಕ ಕಂಡಿತು. ಯೂಟ್ಯೂಬ್ ಓಡುತ್ತಿತ್ತು, ಓಟಿಟಿ ಓಡುತ್ತಿರಲಿಲ್ಲ. ತಪ್ಪು ನನ್ನದೇ. ಮಿಂಟ್ ಹಾಕುವಾಗ, ಚಿತ್ರ ಮತ್ತು ಧ್ವನಿಯನ್ನು ಬಿಡಿಸಿ ಓದುವ ಮಲ್ಟಿಮೀಡಿಯಾ ಕೋಡೆಕ್‌ಗಳನ್ನು ಹಾಕಲೇ ಎಂದು ಒಂದು ಟಿಕ್ ಕೇಳುತ್ತದೆ. ನಾನು ಅದನ್ನು ಬಿಟ್ಟು ಮುಂದೆ ಹೋಗಿದ್ದೆ. ಎಚ್.264 ಎಂಬ ರೂಪದ ಚಿತ್ರಕ್ಕೂ ಎಎಸಿ ಎಂಬ ರೂಪದ ಧ್ವನಿಗೂ ಫೈರ್‌ಫಾಕ್ಸ್ ಲಿನಕ್ಸ್‌ನಲ್ಲಿರುವ ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನೇ ನೆಚ್ಚಿಕೊಂಡಿದೆ. ಅದಿಲ್ಲದಿದ್ದರೆ ಬೀಗ ತೆಗೆದರೂ ವಿಡಿಯೊ ಓಡುವುದಿಲ್ಲ. ಯೂಟ್ಯೂಬ್ ಮಾತ್ರ ವಿಪಿ9, ಎವಿ1 ಎಂಬ ಬೇರೆ ರೂಪಗಳಲ್ಲೂ ವಿಡಿಯೊ ಕಳಿಸುತ್ತದೆ. ಅವನ್ನು ಓದುವ ಶಕ್ತಿ ಫೈರ್‌ಫಾಕ್ಸ್‌ನ ಒಳಗೇ ಇದೆ. ಅದಕ್ಕೇ ಅದು ಓಡುತ್ತಿತ್ತು. ಮೆನುವಿನ ಸೌಂಡ್ ಆಂಡ್ ವಿಡಿಯೊ ಒಳಗೆ 'ಇನ್‌ಸ್ಟಾಲ್ ಮಲ್ಟಿಮೀಡಿಯಾ ಕೋಡೆಕ್ಸ್' ಒತ್ತಿ, ಬ್ರೌಸರ್ ಮುಚ್ಚಿ ತೆರೆದೆ. ಧಾರಾವಾಹಿ ಬಂತು. ನಿಮ್ಮಲ್ಲಿ ಉಬುಂಟು ಇದ್ದರೆ ಇದೇ ಕೆಲಸಕ್ಕೆ ಉಬುಂಟು-ರೆಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್ ಎಂಬ ಪ್ಯಾಕೇಜ್ ಇದೆ. ಬ್ರೌಸರ್ ಬದಲಿಸುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಇನ್ನು ಆ ಜಿಗಿತ ಮತ್ತು ಫ್ಯಾನಿನ ಸದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಏಪ್ರಿಲ್-ಮೇ ಬಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕೋಣೆಯೇ ಕಾದಿರುವಾಗ ಲ್ಯಾಪ್‌ಟಾಪ್ ತಣ್ಣಗಾಗುವುದು ಹೇಗೆ? ವಿಡಿಯೊವನ್ನು ಡಿಕೋಡ್ ಮಾಡುವ, ಅಂದರೆ ಬಿಡಿಸಿ ಚಿತ್ರವಾಗಿಸುವ ಕೆಲಸ ಎರಡು ಕಡೆ ನಡೆಯಬಹುದು. ಗ್ರಾಫಿಕ್ಸ್ ಚಿಪ್ ಮಾಡಿದರೆ ಹಗುರ. ಸಿಪಿಯು ಮಾಡಿದರೆ ಭಾರ, ಬಿಸಿ, ಬ್ಯಾಟರಿಯೂ ಬೇಗ ಖಾಲಿ. ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಒಪ್ಪಿಸುವ ದಾರಿಯ ಹೆಸರು ವಿಎ-ಎಪಿಐ. ಇಂಟೆಲ್ ಗ್ರಾಫಿಕ್ಸ್‌ಗೆ ಫೈರ್‌ಫಾಕ್ಸ್ ಇದನ್ನು 2023ರ ಜುಲೈನ 115ನೇ ಆವೃತ್ತಿಯಿಂದ ತಾನಾಗಿಯೇ ಬಳಸುತ್ತದೆ.

ಹಾಗಿದ್ದರೆ ನಮ್ಮಲ್ಲಿ ಯಾಕೆ ಆಗಲಿಲ್ಲ? ಯೂಟ್ಯೂಬ್ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದೆ. ಕೋಡೆಕ್ ಎಂಬ ಸಾಲಿನಲ್ಲಿ ವಿಪಿ9 ಎಂದಿತ್ತು. ಬಿಟ್ಟುಹೋದ ಫ್ರೇಮ್‌ಗಳ ಎಣಿಕೆ ಏರುತ್ತಲೇ ಇತ್ತು. ಆಮೇಲೆ ಟರ್ಮಿನಲ್‌ನಲ್ಲಿ ವಿಎಇನ್ಫೋ ಎಂಬ ಆದೇಶ ಕೊಟ್ಟು ನೋಡಿದೆ. ನಮ್ಮ ಗ್ರಾಫಿಕ್ಸ್ ಚಿಪ್ ಡಿಕೋಡ್ ಮಾಡಬಲ್ಲ ರೂಪಗಳ ಪಟ್ಟಿ ಬಂತು. ಅದರಲ್ಲಿ ಎಚ್.264 ಇದೆ, ವಿಪಿ9 ಇಲ್ಲ. ಇಂಟೆಲ್‌ನಲ್ಲಿ ವಿಪಿ9 ಪೂರ್ತಿಯಾಗಿ ಚಿಪ್‌ಗೆ ಬಂದಿದ್ದು 7ನೇ ತಲೆಮಾರಿನಿಂದ. ಅಂದರೆ ಬ್ರೌಸರ್ ತಯಾರಿದೆ, ಚಿಪ್ ಕೂಡ ತಯಾರಿದೆ, ಬರುತ್ತಿರುವ ವಿಡಿಯೊ ಮಾತ್ರ ಅದಕ್ಕೆ ಗೊತ್ತಿಲ್ಲದ ಭಾಷೆಯಲ್ಲಿದೆ.

ಇದಕ್ಕೆ ಎಚ್264ಇಫೈ ಎಂಬ ಎಕ್ಸ್‌ಟೆನ್ಷನ್ ಇದೆ. ಅದು ಯೂಟ್ಯೂಬ್‌ಗೆ 'ಈ ಬ್ರೌಸರ್‌ಗೆ ಎಚ್.264 ಮಾತ್ರ ಬರುತ್ತದೆ' ಎಂದು ಹೇಳುತ್ತದೆ, ಅಷ್ಟೇ. ಹಾಕಿದ ಕೂಡಲೇ ಫ್ಯಾನಿನ ಸದ್ದು ಇಳಿಯಿತು. ಚಿತ್ರ ನೀರು ಹರಿದ ಹಾಗೆ ಬಂತು. ಎಚ್.264ರಲ್ಲಿ ಯೂಟ್ಯೂಬ್ 1080ಪಿವರೆಗೆ ಮಾತ್ರ ಕೊಡುತ್ತದೆ, ಆದರೆ ನಮ್ಮ ಪರದೆಯೇ 1366×768. ಕಳೆದುಕೊಂಡಿದ್ದು ಏನೂ ಇಲ್ಲ. ಎರಡು ತಿಂಗಳ ಪ್ರಯತ್ನದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಕ್ಷಣ ಇದೇ. ತೇರಿನ ವಿಡಿಯೊ ಮತ್ತೆ ಹಾಕಿ ತೋರಿಸಿದೆ. ಅವ್ವ ಮೊದಲಿಂದ ಕೊನೆವರೆಗೆ ನೋಡಿ ಕೈಮುಗಿದಳು.

ಈಗ ಕ್ರೋಮ್. ಬೀಗದ ವಿಡಿಯೊಗೆ ಇದಕ್ಕಿಂತ ಸುಲಭದ ದಾರಿ ನನಗೆ ಸಿಗಲಿಲ್ಲ. ವೈಡ್‌ವೈನ್ ಒಳಗೇ ಇದೆ, ಎಚ್.264, ಎಎಸಿ ಎಲ್ಲ ಒಳಗೇ ಇವೆ. ಕೋಡೆಕ್ ಪ್ಯಾಕೇಜ್ ಹುಡುಕಬೇಕಿಲ್ಲ, ಪಟ್ಟಿ ಬಂದು ಕೇಳುವುದೂ ಇಲ್ಲ. ಗೂಗಲ್ ತಾಣದಿಂದ ಡೆಬ್ ಫೈಲ್ ಇಳಿಸಿ ಎರಡು ಸಲ ಕ್ಲಿಕ್ ಮಾಡಿದರೆ ಆಯಿತು. ಅಪ್‌ಡೇಟ್ ಕೂಡ ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್‌ನಲ್ಲೇ ಬರುತ್ತದೆ. 32 ಬಿಟ್ ಯಂತ್ರಕ್ಕೆ ಮಾತ್ರ ಇದು ಸಿಗುವುದಿಲ್ಲ, 2016ರಲ್ಲೇ ನಿಂತಿತು. ಧಾರಾವಾಹಿ, ಕ್ರಿಕೆಟ್ ಎರಡೂ ಮೊದಲ ಕ್ಲಿಕ್‌ಗೇ ಓಡಿದವು.

ಯೂಟ್ಯೂಬ್‌ನಲ್ಲಿ ಮಾತ್ರ ನಮ್ಮ ಲ್ಯಾಪ್‌ಟಾಪ್ ಕ್ರೋಮ್ ಜೊತೆ ಹೊಂದಿಕೊಳ್ಳಲಿಲ್ಲ. ಎಚ್264ಇಫೈ ಇಲ್ಲೂ ಹಾಕಿದೆ. ಆದರೂ ಡಿಕೋಡ್ ಮಾಡುವ ಕೆಲಸ ಸಿಪಿಯುನಲ್ಲೇ ಉಳಿಯಿತು. ಫ್ಲ್ಯಾಗ್ ಎಂಬ ಒಳ ಸೆಟ್ಟಿಂಗ್‌ಗಳನ್ನು ಬದಲಿಸಿ ಸರಿಮಾಡಿಕೊಂಡವರು ಇದ್ದಾರೆ. ನಾನೂ ಒಂದು ಸಂಜೆ ಪ್ರಯತ್ನಪಟ್ಟೆ, ಈ ಹಳೆ ಗ್ರಾಫಿಕ್ಸ್‌ನಲ್ಲಿ ನಿಲ್ಲಲಿಲ್ಲ. ಫೈರ್‌ಫಾಕ್ಸ್‌ನಲ್ಲಿ ಇಂಥ ಸೆಟ್ಟಿಂಗ್ ಮುಟ್ಟದೆ ಆಗುವ ಕೆಲಸಕ್ಕೆ ಇಷ್ಟು ಒದ್ದಾಟ ಬೇಡ ಎನಿಸಿತು.

ಬೀಗದ ವಿಡಿಯೊದಲ್ಲಿ ಇಬ್ಬರೂ ಸಮ. ಅಲ್ಲಿ ಫೈರ್‌ಫಾಕ್ಸ್ ಆಗಲಿ ಕ್ರೋಮ್ ಆಗಲಿ, ನಮ್ಮಲ್ಲಿ ಫ್ಯಾನ್ ತಿರುಗುತ್ತದೆ. ಬೀಗ ತೆಗೆಯುವ ವೈಡ್‌ವೈನ್ ತುಣುಕು ಚಿತ್ರದ ಡಿಕೋಡ್ ಕೆಲಸವನ್ನೂ ಸಿಪಿಯುನಲ್ಲೇ ಮುಗಿಸುತ್ತದೆ. ಧಾರಾವಾಹಿ ಇಪ್ಪತ್ತು ನಿಮಿಷದ್ದು, ತೊಂದರೆ ಇಲ್ಲ. ಇಡೀ ಕ್ರಿಕೆಟ್ ಮ್ಯಾಚ್ ಇದ್ದಾಗ ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಡಬಾರದು ಎಂದು ಅಪ್ಪನಿಗೆ ಹೇಳಿದ್ದೇನೆ. ಮರದ ಮಣೆಯ ಮೇಲೆ ಇಡುತ್ತಾರೆ.

ಕ್ರೋಮಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೋಮ್‌ಗೆ ಮೂಲವಾದ ಮುಕ್ತ ತಂತ್ರಾಂಶ ಇದು. ಮನಸ್ಸಿಗೆ ಇಷ್ಟ. ಆದರೆ ವೈಡ್‌ವೈನ್ ಮುಕ್ತವಲ್ಲ, ಹಾಗಾಗಿ ಇದರಲ್ಲಿ ಇರುವುದಿಲ್ಲ. ಓಟಿಟಿ ಪುಟ ತೆರೆದರೆ ವಿಡಿಯೊ ಬರುವುದಿಲ್ಲ. ಕ್ರೋಮ್‌ನ ಒಳಗಿರುವ ವೈಡ್‌ವೈನ್ ಫೋಲ್ಡರನ್ನು ಇದಕ್ಕೆ ನಕಲು ಮಾಡಿ ಓಡಿಸುವವರು ಇದ್ದಾರೆ. ಅದಕ್ಕೆ ಕ್ರೋಮನ್ನು ಇಳಿಸಲೇಬೇಕಲ್ವಾ? ಇಳಿಸಿದ ಮೇಲೆ ಅದರಲ್ಲೇ ನೋಡುವುದು ಸರಿ.

ಬ್ರೇವ್ ನಡುವಿನ ದಾರಿ. ಬೀಗದ ವಿಡಿಯೊ ಕಂಡಾಗ ವೈಡ್‌ವೈನ್ ಹಾಕಲೇ ಎಂದು ಕೇಳುತ್ತದೆ. ಒಪ್ಪಿದ ಮೇಲೆ ಲಿನಕ್ಸ್‌ನಲ್ಲಿ ಬ್ರೌಸರ್ ಒಮ್ಮೆ ಮುಚ್ಚಿ ತೆರೆಯಬೇಕು. ಇದು ಗೊತ್ತಿಲ್ಲದೆ ಕೆಟ್ಟುಹೋಗಿದೆ ಎಂದುಕೊಳ್ಳುವವರೇ ಜಾಸ್ತಿ. ಜಾಹೀರಾತು ತಡೆ ಒಳಗೇ ಇರುವುದರಿಂದ ಸುದ್ದಿ ತಾಣಗಳು ಹಗುರವಾಗಿ ತೆರೆಯುತ್ತವೆ. ಒಂದು ಓಟಿಟಿಯಲ್ಲಿ ಮಾತ್ರ ಅದೇ ತಡೆಯಿಂದ ವಿಡಿಯೊ ಸುತ್ತುತ್ತಲೇ ನಿಂತಿತು. ಆ ತಾಣಕ್ಕೆ ಶೀಲ್ಡ್ ಎಂಬ ಆ ತಡೆಯನ್ನು ಇಳಿಸಿದೆ, ಬಂತು. ಒಬ್ಬರೇ ಬಳಸುವ ಯಂತ್ರಕ್ಕೆ ಚೆನ್ನಾಗಿದೆ. ಅವ್ವ, ಅಪ್ಪ ಬಳಸುವ ಕಡೆ ಯಾವ ತಾಣಕ್ಕೆ ಏನು ಇಳಿಸಬೇಕು ಎಂದು ದಿನಾ ಹೇಳುತ್ತಾ ಕೂರಲು ಆಗುವುದಿಲ್ಲ.

ಚಿತ್ರದ ಸ್ಪಷ್ಟತೆಯ ವಿಷಯದಲ್ಲಿ ಯಾವ ಬ್ರೌಸರಿನಿಂದಲೂ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಒಂದೇ ಖಾತೆ, ಒಂದೇ ಸಿನಿಮಾ, ಅಪ್ಪನ ಫೋನಿನಲ್ಲಿ ಕನ್ನಡಿಯ ಹಾಗೆ, ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಮಸುಕು. ಮೊದಲು ನೆಟ್ ಮೇಲೆ ಅನುಮಾನಪಟ್ಟೆ. ನೆಟ್ ಅಲ್ಲ. ವೈಡ್‌ವೈನ್‌ನಲ್ಲಿ ಎಲ್1, ಎಲ್2, ಎಲ್3 ಎಂಬ ಹಂತಗಳಿವೆ. ಎಲ್1ರಲ್ಲಿ ಬೀಗದ ಕೆಲಸ ಚಿಪ್‌ನ ಭದ್ರ ಭಾಗದಲ್ಲಿ ನಡೆಯುತ್ತದೆ, ಹೆಚ್ಚಿನ ಫೋನ್‌ಗಳಲ್ಲಿ ಹಾಗಿದೆ. ಲಿನಕ್ಸ್ ಬ್ರೌಸರುಗಳಲ್ಲಿ ಇರುವುದು ಎಲ್3, ಬರೀ ತಂತ್ರಾಂಶದ ಬೀಗ. ಎಲ್3ಕ್ಕೆ ಎಷ್ಟು ಸ್ಪಷ್ಟ ಚಿತ್ರ ಕೊಡಬೇಕು ಎನ್ನುವುದನ್ನು ಓಟಿಟಿಯವರೇ ತೀರ್ಮಾನಿಸುತ್ತಾರೆ. ಬ್ರೌಸರನ್ನು ವಿಂಡೋಸ್ ಎಂದು ತೋರಿಸುವ ಎಕ್ಸ್‌ಟೆನ್ಷನ್ ಹಾಕಿ ನೋಡಿದೆ. 'ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ' ಎನ್ನುತ್ತಿದ್ದ ಒಂದು ತಾಣ ಅದರಿಂದ ಬಾಗಿಲು ತೆರೆಯಿತು, ಆದರೆ ಚಿತ್ರ ಅಷ್ಟೇ ಮಸುಕಾಗಿ ಉಳಿಯಿತು. ಹೆಸರು ಬದಲಾದರೆ ಹಂತ ಬದಲಾಗುವುದಿಲ್ಲ. ಪೂರ್ತಿ ದುಡ್ಡು ಕೊಟ್ಟವರಿಗೆ ಕಡಿಮೆ ಚಿತ್ರ ಕೊಡುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಚಂದಾ ಕಟ್ಟುವ ಮೊದಲು ಅವರ ಸಹಾಯ ಪುಟದಲ್ಲಿ ಲಿನಕ್ಸ್‌ಗೆ ಎಷ್ಟು ಎಂದು ಓದಿಕೊಳ್ಳಿ.

ಈಗ ನಮ್ಮ ಮನೆಯಲ್ಲಿ ಎರಡು ಬ್ರೌಸರ್ ಉಳಿದಿವೆ. ಯೂಟ್ಯೂಬ್, ಲೈವ್, ಪಾಠ, ಸುದ್ದಿ, ಧಾರಾವಾಹಿ ಎಲ್ಲ ಎಚ್264ಇಫೈ ಹಾಕಿದ ಫೈರ್‌ಫಾಕ್ಸ್‌ನಲ್ಲಿ. ಕ್ರಿಕೆಟ್ ತೋರಿಸುವ ಒಂದು ಓಟಿಟಿಗೆ ಮಾತ್ರ ಕ್ರೋಮ್, ಯಾಕೆಂದರೆ ಹೊಸದಾಗಿ ಲಾಗಿನ್ ಆಗುವ ತಂಟೆ ಬೇಡವೆಂದು ಅಪ್ಪ ಅದರಲ್ಲೇ ಲಾಗಿನ್ ಬಿಟ್ಟುಕೊಂಡಿದ್ದಾರೆ. ಕ್ರೋಮಿಯಂ, ಬ್ರೇವ್ ತೆಗೆದುಹಾಕಿದೆ.

ತಂಗಿ ಹೋದ ವಾರ ರಾಯಚೂರಿನಿಂದ ಬಂದಿದ್ದಳು. ಅವಳ ಲ್ಯಾಪ್‌ಟಾಪ್ 8ನೇ ತಲೆಮಾರಿನದು, ಅದರಲ್ಲೂ ಮಿಂಟ್. "ಅಣ್ಣಾ, ನನಗೂ ಅದನ್ನ ಹಾಕಿಕೊಡು" ಎಂದಳು. ವಿಎಇನ್ಫೋ ಓಡಿಸಿ ನೋಡಿದೆವು, ಪಟ್ಟಿಯಲ್ಲಿ ವಿಪಿ9 ಇತ್ತು. ಅವಳಿಗೆ ಎಚ್264ಇಫೈ ಬೇಡವೇ ಬೇಡ. ಕೋಡೆಕ್ ಪ್ಯಾಕೇಜ್ ಮಾತ್ರ ಹಾಕಿ ಕಳಿಸಿದೆ.