ಕೀಲುನೋವಿಗೆ ಗಿಡಮೂಲಿಕೆ ಕ್ಯಾಪ್ಸೂಲ್ ತರಿಸುವ ಮುಂಚೆ ಇದನ್ನು ಓದಿ

ಕೀಲುನೋವಿಗೆ ಅಂತ ಫೋನಿನಲ್ಲೇ ಮಾರುವ ಗಿಡಮೂಲಿಕೆ ಕ್ಯಾಪ್ಸೂಲ್ ನಿಮ್ಮ ಮನೆಯಲ್ಲಿ ಯಾರಾದರೂ ತಗೊಳ್ತಿದ್ದರೆ ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿಕೊಂಡು ಹಾಳಾಗುತ್ತಾ ಹೋಗುವ ಸಂಧಿವಾತ. ಬೆಳಗ್ಗೆ ಬೆರಳು ಮಡಚೋಕಾಗಲ್ಲ, ನಲ್ಲಿ ತಿರುಗಿಸೋಕೂ ಇನ್ನೊಬ್ಬರು ಬೇಕು. ಅವಳಿಗೆ ಅಂತ ಇಂಥದೇ ಕ್ಯಾಪ್ಸೂಲ್ ತರಿಸಿದೆವು. ಡಬ್ಬಿ ಮೇಲೆ ಶಲ್ಲಕಿ, ಅರಿಶಿನ, ಶುಂಠಿ, ಅಶ್ವಗಂಧ ಅಂತ ಬರೆದಿತ್ತು. "ನೂರಕ್ಕೆ ನೂರು ಗಿಡಮೂಲಿಕೆ, ಆಸ್ಪತ್ರೆ ಮಾತ್ರೆ ಬಿಟ್ಟುಬಿಡಿ" ಅಂದರು ಮಾರಿದವರು. ಒಂದೆರಡು ದಿನಕ್ಕೇ ಊತ ಇಳಿಯಿತು, ಅಮ್ಮ ತಾನೇ ನಲ್ಲಿ ತಿರುಗಿಸಿದಳು. ಎಷ್ಟು ಖುಷಿಪಟ್ಟಿದ್ದೆವು!

ಆಮೇಲೆ ಮುಖ ದುಂಡಗಾಗತೊಡಗಿತು. ಕೆನ್ನೆ ಉಬ್ಬಿ ಕಣ್ಣು ಸಣ್ಣಗೆ ಕಾಣುತ್ತಿತ್ತು. ಇಲ್ಲದ ಶುಗರ್ ಬಂತು. ಮಾರಿದವರನ್ನು ಕೇಳಿದರೆ, "ದೇಹದ ವಿಷ ಹೊರಗೆ ಬರ್ತಿದೆ, ಒಳ್ಳೇದೇ, ನಿಲ್ಲಿಸಬೇಡಿ." ವಿಷ ಹೊರಗೆ ಬರ್ತಿದೆಯಂತೆ! ಒಳಗೆ ಹಾಕಿದವರೇ ಅವರು.

ಡಾಕ್ಟರ್ ಅಮ್ಮನ ಮುಖ ನೋಡಿದ ಕೂಡಲೇ, ನಾವಿನ್ನೂ ಬಾಯಿಬಿಟ್ಟಿರಲಿಲ್ಲ, "ಯಾವ ಪುಡಿ ತಗೊಳ್ತಿದ್ದೀರಿ?" ಅಂದರು. ನನಗೆ ತಲೆ ಎತ್ತೋಕಾಗಲಿಲ್ಲ. ಕ್ಯಾಪ್ಸೂಲ್ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್! ಊತ ಇಳಿಸಿದ್ದೂ ಅದೇ, ಮುಖ ಉಬ್ಬಿಸಿ ಶುಗರ್ ತಂದದ್ದೂ ಅದೇ. ಡಬ್ಬಿ ಮೇಲೆ ಅದರ ಹೆಸರೇ ಇಲ್ಲ. ಮಾರಿದವರಿಗೆ ರಿಪೋರ್ಟ್ ಕಳಿಸಿದೆ. "ಅದು ಬೇರೆ ಯಾರದ್ದೋ ಔಷಧ." ಡಬ್ಬಿಯ ಫೋಟೋ ಕಳಿಸಿದೆ. "ನಂಬಿಕೆ ಇಲ್ಲದವರಿಗೆ ನಮ್ಮ ಔಷಧ ಹಿಡಿಯಲ್ಲ." ಹಾಗಾದರೆ ಇದರಲ್ಲಿ ಏನೇನಿದೆ ಹೇಳಿ ಅಂದೆ. "ಅದು ವಂಶದ ಗುಟ್ಟು." ಅಷ್ಟೇ, ನಂಬರ್ ಬ್ಲಾಕ್.

ಇದು ನಮಗೊಬ್ಬರಿಗೇ ಆದದ್ದಲ್ಲ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಆರ್ಟ್ರಿ ಕಿಂಗ್' ಅನ್ನುವ ಕೀಲುನೋವಿನ ಮಾತ್ರೆಯಲ್ಲಿ ಇದೇ ಡೆಕ್ಸಾಮೆಥಾಸೋನ್, ಜೊತೆಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಇದೆ, ಲೇಬಲ್‌ನಲ್ಲಿ ಹೇಳಿಲ್ಲ ಅಂತ ಎಚ್ಚರಿಸಿತ್ತು.

ಗಿಡಮೂಲಿಕೆ ಮೇಲೆ ನನಗೆ ಸಿಟ್ಟಿಲ್ಲ. ಸವೆದ ಮಂಡಿಯ ನೋವಿಗೆ ಶಲ್ಲಕಿ ಸ್ವಲ್ಪ ಆರಾಮ ಕೊಡಬಹುದು ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ, ಆದರೆ ಅದಕ್ಕೂ ವಾರಗಟ್ಟಲೆ ಬೇಕು. ಎರಡೇ ದಿನಕ್ಕೆ ಊತ ಮಾಯವಾದರೆ ಅನುಮಾನಪಡಿ. ಅಮ್ಮನ ಮೆಥೊಟ್ರೆಕ್ಸೇಟ್ ಬಿಡಿಸಿದರಲ್ಲ, ಅದೇ ನನಗೆ ಜಾಸ್ತಿ ಹೊಟ್ಟೆ ಉರಿಯೋದು. ರೋಗವನ್ನು ಹಿಡಿದಿಡುವ ಮಾತ್ರೆ ಅದು. ಅದಿಲ್ಲದೆ ಕೀಲು ಹಾಳಾದರೆ ಮತ್ತೆ ಮೊದಲಿನಂತಾಗಲ್ಲ.

ಇನ್ನೊಂದು ಮಾತು. ಓದಿ ಹೆದರಿ ಕ್ಯಾಪ್ಸೂಲನ್ನು ಇವತ್ತೇ ಎಸೆಯಬೇಡಿ. ತುಂಬಾ ದಿನ ಸ್ಟೀರಾಯ್ಡ್ ಒಳಗೆ ಹೋಗಿದ್ದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸೋದು ಕಡಿಮೆ ಮಾಡಿರುತ್ತೆ, ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಹೋಗಿ, ಅವರೇ ನಿಧಾನವಾಗಿ ಬಿಡಿಸುತ್ತಾರೆ. ಮಾರಿದವರನ್ನು ಮಾತ್ರ ಏನೂ ಕೇಳಬೇಡಿ.